ಉಪ್ಪಿನ ಖಾತೆ

ನಾದಿನಿ ಬಂದದ್ದೇ ಖಾಲಿ ಸೂಟ್‌ಕೇಸು ಹಿಡಿದುಕೊಂಡು. ಚಪ್ಪಲಿ ಬಿಡುವಾಗ ಅದು ಬಾಗಿಲಿಗೆ ತಾಗಿ ಟೊಳ್ಳು ಸದ್ದು ಮಾಡಿತು. ಅಡುಗೆಮನೆಯಲ್ಲಿ ಬೀನ್ಸಿನ ನಾರು ತೆಗೆಯುತ್ತಿದ್ದ ಸೊಸೆಗೆ ಆ ಸದ್ದಿನಲ್ಲೇ ಎಲ್ಲ ಅರ್ಥವಾಯಿತು.

"ಅಮ್ಮನ್ನ ಕರ್ಕೊಂಡು ಹೋಗ್ತೀನಿ ಅತ್ತಿಗೆ. ಬೇಜಾರು ಮಾಡ್ಕೋಬೇಡಿ. ಹೇಗೆ ಇಳಿದು ಹೋಗಿದಾಳೆ ನೋಡಿ, ಕೈಗಡಿಯಾರ ಮೊಣಕೈಗೆ ಜಾರ್ತಿದೆ. ಸೊಪ್ಪುಸದೆ ತಿಂದೂ ತಿಂದೂ ಮೊಲ ಆಗ್ಬಿಟ್ಟಿದಾಳೆ. ನಮ್ಮನೇಲಾದ್ರೆ ಮೊಟ್ಟೆ, ಮೀನು, ಏನಾದ್ರೂ ಒಂದು ಒಳಗೆ ಹೋಗುತ್ತೆ."

"ಮೊಲಾನೇ ವಾಸಿ ಕಣೇ, ಅದಕ್ಕೆ ಹಲ್ಲಾದ್ರೂ ಇದೆ" ಎಂದರು ಅತ್ತೆ, ಕಿಟಕಿಯ ಪಕ್ಕದ ಕುರ್ಚಿಯಿಂದ. ಹೋಗುತ್ತೇನೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

ಸೊಸೆ ಇನ್ನೊಂದು ಬೀನ್ಸಿನ ನಾರು ಎಳೆದಳು. ಗಂಡ ಹೋದ ಮೇಲೆ ಅವಳಿಗೆ ಮಾತು ತಡವಾಗಿ ಬರುತ್ತಿತ್ತು, ಕೆಲವೊಮ್ಮೆ ಬರುತ್ತಲೇ ಇರಲಿಲ್ಲ. ಅತ್ತೆ ಹೊರಟುಬಿಟ್ಟರೆ ಈ ಮನೆಯಲ್ಲಿ ಇನ್ನೊಬ್ಬರ ಕೆಮ್ಮಿಲ್ಲ, ಬಚ್ಚಲಲ್ಲಿ ಇನ್ನೊಬ್ಬರ ಒದ್ದೆ ಟವೆಲಿಲ್ಲ, ಬಾಗಿಲು ತೆಗೆದಾಗ ಯಾಕೆ ತಡ ಎಂದು ಕೇಳುವವರಿಲ್ಲ. ಆದರೆ ಇರಿ ಎನ್ನಲು ಯಾವ ಮುಖ? ಮುದುಕಿ ದಿನಾ ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುವುದನ್ನು ಅವಳೇ ಕಣ್ಣಾರೆ ಕಂಡಿದ್ದಳು.

"ಊಟ ಮಾಡ್ಕೊಂಡು ಹೋಗಿ, ಇಬ್ಬರೂ" ಎಂದಳು.

ಅವಳ ಕೆಲಸ ಬಟ್ಟೆ ಕಾರ್ಖಾನೆಯಲ್ಲಿ, ಕತ್ತರಿಸುವ ಮೇಜಿನ ಮೇಲ್ವಿಚಾರಣೆ. ಅಲ್ಲಿ ಗೆರೆ ಒಂದು ಕೂದಲು ಆಚೀಚೆಯಾದರೆ ಒಂದು ರಾಶಿ ಅಂಗಿಗಳ ತೋಳು ಕೆಡುತ್ತದೆ. ಆ ಕೈ ಮನೆಯಲ್ಲೂ ಬದಲಾಗದು. ಅವಳು ಹೆಚ್ಚಿದ ಬೀನ್ಸು ಒಂದರಂತೆ ಒಂದು. "ಟೇಪು ಹಿಡಿದು ಹೆಚ್ಚಿದೀಯೇನೇ?" ಎಂದು ಗಂಡ ಛೇಡಿಸುತ್ತಿದ್ದ. ಅವಳು ಹುಟ್ಟಿನಿಂದ ಸಸ್ಯಾಹಾರಿ, ಅವನು ಮದುವೆಯಾದ ಮೇಲೆ ಮಾಂಸ ಬಿಟ್ಟವನು. ಬಿಟ್ಟವನು ಸುಮ್ಮನೆ ಕೂರದೆ ಒಲೆಯನ್ನೇ ವಹಿಸಿಕೊಂಡ. ಅವನ ಅಡುಗೆಯಲ್ಲಿ ಗುಟ್ಟೇನೂ ಇರಲಿಲ್ಲ. ಆ ದಿನ ತಂದ ತರಕಾರಿ, ಒಂದಿಷ್ಟು ಎಣ್ಣೆ, ಮೆಣಸಿನ ಪುಡಿ, ಮನಸ್ಸಾದರೆ ನಿಂಬೆ. ಬಣ್ಣ ಮಾಸುವ ಮೊದಲೇ ಇಳಿಸಬೇಕು ಎನ್ನುವುದೊಂದೇ ಹಟ.

ಮದುವೆಯ ಹೊಸತರಲ್ಲಿ ಒಮ್ಮೆ ಅವಳು ಹೆಚ್ಚಿದ ಕೋಸಿಗೆ ಆಗಲೇ ಉಪ್ಪು ಬೆರೆಸಿಟ್ಟಿದ್ದಳು. ಗೊತ್ತಿಲ್ಲದೆ ಅವನೂ ಸುರಿದ. "ಉಪ್ಪಿಗಿಂತ ರುಚಿಯಿಲ್ಲ ಅಂತಾರೆ. ಇದರಲ್ಲಿ ಉಪ್ಪು ಬಿಟ್ರೆ ಬೇರೇನೂ ಇಲ್ಲವಲ್ಲೋ" ಎಂದರು ಅತ್ತೆ. ಅವನು ಸೌಟು ಎತ್ತಿ ಹಿಡಿದು, ಪ್ರಮಾಣವಚನ ತೆಗೆದುಕೊಳ್ಳುವವನ ಗತ್ತಿನಲ್ಲಿ, "ಇವತ್ತಿನಿಂದ ಉಪ್ಪಿನ ಖಾತೆ ನನ್ನದು. ಹೆಚ್ಚಿದವರು ಉಪ್ಪು ಮುಟ್ಟಬಾರದು" ಎಂದು ಸಾರಿದ. ಉಪ್ಪಿನ ಡಬ್ಬಿ ಅವನಿಗೆ ಮಾತ್ರ ಎಟಕುವ ಮೇಲಿನ ಹಲಗೆಗೆ ಹೋಯಿತು. ಅಂದಿನಿಂದ ಅತ್ತೆಯ ಬಾಯಲ್ಲಿ ಅವನು ಉಪ್ಪಿನ ಮಂತ್ರಿ. ಎದೆ ಹಿಡ್ಕೊಂಡ ಹಾಗಾಗ್ತಿದೆ ಎಂದು ಆಸ್ಪತ್ರೆಗೆ ನಡೆದೇ ಹೋದ ಮಂತ್ರಿ ಅಲ್ಲಿಂದ ವಾಪಸಾಗಲಿಲ್ಲ.

ಸೊಸೆ ಬೀನ್ಸನ್ನು ಹಸಿರಿರುವಾಗಲೇ ಇಳಿಸಿದಳು. ಕ್ಯಾರೆಟ್ಟಿಗೆ ನಿಂಬೆ ಹಿಂಡಿದಳು. ಮೂರು ತಟ್ಟೆಗೆ ಬಡಿಸಿದಳು.

ನಾದಿನಿ ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದಳು.

"ಅತ್ತಿಗೆ, ಇದಕ್ಕೆ ಉಪ್ಪು?"

ಅವಳು ಕ್ಯಾರೆಟ್ಟು ರುಚಿ ನೋಡಿದಳು. "ಇದಕ್ಕೂ ಇಲ್ಲ."

ಸೊಸೆ ತಟ್ಟೆಯನ್ನೇ ನೋಡುತ್ತ ಕೂತಳು. ನಿನ್ನೆಯ ಸೋರೆಕಾಯಿ, ಮೊನ್ನೆಯ ಪಾಲಕ್, ಅದಕ್ಕೂ ಹಿಂದಿನ ಬದನೆ. ಕೈ ಎಣ್ಣೆಗೆ ಹೋಗಿತ್ತು, ಮೆಣಸಿಗೆ ಹೋಗಿತ್ತು. ಮೇಲಿನ ಹಲಗೆಗೆ ಒಮ್ಮೆಯೂ ಹೋಗಿರಲಿಲ್ಲ. ಆ ಪಲ್ಯವನ್ನೇ ಊಟದ ಡಬ್ಬಿಗೆ ತುಂಬಿಕೊಂಡು ಹೋಗಿ ಕಾರ್ಖಾನೆಯಲ್ಲೂ ತಿಂದಿದ್ದಳು. ನಾಲಿಗೆ ದೂರು ಹೇಳಿರಲಿಲ್ಲ.

"ಹೆಚ್ಚಿದವರು ಮುಟ್ಟಬಾರದಲ್ಲ" ಎಂದಳು ನಿಧಾನವಾಗಿ. ಆ ಮಾತು ತನ್ನದೇ ಕಿವಿಗೆ ಬಿದ್ದಾಗ ಅವಳಿಗೆ ಗೊತ್ತಾಯಿತು: ಇಷ್ಟು ದಿನ ಬಾಣಲೆಯ ಮುಂದೆ ನಿಂತು ಅವಳು ಯಾರೋ ಬಂದು ಹಾಕಲಿ ಎಂದು ಕಾಯುತ್ತಿದ್ದಳು.

ಅತ್ತೆ ಕೈ ತಟ್ಟೆಯಲ್ಲೇ ಬಿಟ್ಟರು. "ಅಂದ್ರೆ, ಉಪ್ಪೇ ಇರ್ಲಿಲ್ವಾ?"

"ಇಲ್ಲ ಅತ್ತೆ."

"ನಾನು ನನ್ನ ನಾಲಿಗೇನೇ ಸತ್ತುಹೋಯ್ತು ಅಂದ್ಕೊಂಡಿದ್ದೆ ಕಣೇ. ಮಗ ಹೋದ, ನಾಲಿಗೆ ಹೋಯ್ತು, ಇನ್ನು ನಾನೊಬ್ಬಳು ಬಾಕಿ ಅಂತ. ನೀನು ಅಷ್ಟು ಚೆಂದ ಹೆಚ್ಚಿ ಬೇಯಿಸಿಡ್ತೀಯ, ಸಪ್ಪೆ ಅಂತ ಯಾವ ಬಾಯಲ್ಲಿ ಹೇಳ್ಲಿ?" ಅತ್ತೆ ನಕ್ಕರು. ಅರ್ಧದಲ್ಲಿ ಅದು ನಗುವಾಗಿ ಉಳಿಯಲಿಲ್ಲ.

"ಒಳ್ಳೇ ಜೋಡಿ!" ಎಂದಳು ನಾದಿನಿ, ಮೂಗು ಒರೆಸಿಕೊಳ್ಳುತ್ತ. "ಒಬ್ರು ಹಾಕಿಲ್ಲ, ಇನ್ನೊಬ್ರು ಕೇಳಿಲ್ಲ. ಎಲ್ಲಿದೆ ಉಪ್ಪು?"

ಇಬ್ಬರೂ ಒಟ್ಟಿಗೆ ಮೇಲಿನ ಹಲಗೆಯತ್ತ ನೋಡಿದರು.

ಸೊಸೆ ಸ್ಟೂಲು ಹತ್ತಿ ಡಬ್ಬಿ ಇಳಿಸಿದಳು. ಮುಚ್ಚಳ ತೆಗೆದರೆ ಉಪ್ಪು ಕಲ್ಲಾಗಿತ್ತು. ನಡುವೆ ಅವನ ಚಮಚ, ಅವನು ನೆಟ್ಟ ಹಾಗೆಯೇ ಓರೆಯಾಗಿ ನಿಂತಿತ್ತು. ಅವಳು ಅದರ ಹಿಡಿ ಮುಟ್ಟಿದಳು, ಎಳೆಯಲಿಲ್ಲ. ಎಳೆದರೆ ಆ ಓರೆ ಹೋಗುತ್ತದೆ.

ಅತ್ತೆ ಗೋಡೆ ಹಿಡಿದುಕೊಂಡು ಹಿಂದೆಯೇ ಬಂದಿದ್ದರು. "ಕೊಡಿಲ್ಲಿ. ನೀನು ಹೆಚ್ಚು. ಇನ್ಮೇಲೆ ಉಪ್ಪು ನಾನು ಹಾಕ್ತೀನಿ."

ಡಬ್ಬಿಯನ್ನು ಕಟ್ಟೆಗೆ ಒಮ್ಮೆ ಕುಟ್ಟಿದರು. ಉಪ್ಪು ಬಿರಿಯಿತು. ಚಮಚ ಅಡ್ಡ ಬಿತ್ತು.

"ಮತ್ತೆ ಸೂಟ್‌ಕೇಸು?" ಎಂದಳು ನಾದಿನಿ ಬಾಗಿಲಲ್ಲಿ ನಿಂತು.

"ಖಾಲಿ ಬಂದಿದೆ, ಖಾಲಿ ಹೋಗ್ಲಿ. ಬಸ್ಸಲ್ಲಿ ನಿನಗೂ ಹಗುರ."

ಬೀನ್ಸು ಮತ್ತೆ ಒಲೆಗೆ ಹೋಯಿತು. ಅತ್ತೆ ಅಳತೆ ನೋಡದೆ ಬೆರಳಲ್ಲೇ ಉದುರಿಸಿದರು. ಈ ಸಲ ಬಣ್ಣ ಮಾಸಿತು. ಯಾರೂ ಆ ಮಾತೆತ್ತಲಿಲ್ಲ.

ಮೊದಲ ತುತ್ತಿಗೇ ಸೊಸೆಯ ನಾಲಿಗೆ ಎಚ್ಚರವಾಯಿತು. ಉಪ್ಪು ತುಸು ಮುಂದಾಗಿತ್ತು. ಅವನ ಕೈಯ ಹದ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಇದು ಅದಲ್ಲ. ನಾಳೆಯೂ ಅದಾಗಿರುವುದಿಲ್ಲ.

"ಹೇಗಿದೆ?" ಎಂದರು ಹೊಸ ಮಂತ್ರಿ.

"ಸರಿಯಾಗಿದೆ ಅತ್ತೆ" ಎಂದು ಅವಳು ನೀರಿನ ಲೋಟಕ್ಕೆ ಕೈ ಚಾಚಿದಳು.

ಎದುರಿಗೆ ಅತ್ತೆ ಆಗಲೇ ತಮ್ಮ ಲೋಟ ಎತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ, ಬಹಳ ಹೊತ್ತು ನೀರು ಕುಡಿದರು.