ಮಾಲೆ ಹಾಕಿದ ಮೂರನೆಯ ದಿನ

ಶಿವರಾಮನ ಕೊರಳಿಗೆ ಅಯ್ಯಪ್ಪ ಮಾಲೆ ಬಿದ್ದ ಬೆಳಿಗ್ಗೆ ಅವನ ಹೆಂಡತಿ ಸರಳಾ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ದೇವರ ಮೇಲೆ ಅವಳಿಗೆ ಮುನಿಸಿರಲಿಲ್ಲ. ಮುನಿಸೆಲ್ಲ ಮಾವನ ಮೇಲೆ.

ಹದಿನಾಲ್ಕು ವರ್ಷದಿಂದ ಕುಡಿಯುತ್ತಿದ್ದ ಶಿವರಾಮನಿಗೆ ಈಚೆಗೆ ಹಲ್ಲುಜ್ಜುವ ಮೊದಲೇ ಒಂದು ಕ್ವಾರ್ಟರ್ ಇಳಿಯದಿದ್ದರೆ ಕೈ ನಡುಕ ನಿಲ್ಲುತ್ತಿರಲಿಲ್ಲ. ಅವನನ್ನು ಸೇರಿಸಲು ಕುಡಿತ ಬಿಡಿಸುವ ಜಾಗ ಹುಡುಕುತ್ತ ಸರಳಾ ಎರಡು ತಿಂಗಳು ಬಸ್ಸು ಹತ್ತಿ ಇಳಿದಿದ್ದಳು. ಒಂದು ಕಡೆ ಕಿಟಕಿಗೆಲ್ಲ ತಗಡು ಬಡಿದಿದ್ದರು. “ಮೂರು ತಿಂಗಳ ದುಡ್ಡು ಮೊದ್ಲೇ ಕಟ್ಬಿಡಿ, ನಾವೇ ಬಂದು ಎತ್ಹಾಕ್ಕೊಂಡ್ ಹೋಗ್ತೀವಿ. ನೋಡೋಕ್ ಮಾತ್ರ ಬರ್ಬೇಡಿ” ಎಂದಿದ್ದ ಅಲ್ಲಿಯವನು. ಒಳಗೆ ಯಾರೋ ಅಳುವುದು ಕೇಳಿಸಿ ಎದ್ದು ಬಂದಿದ್ದಳು. ಕೊನೆಗೆ ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೆಟ್ಟಗೆ ಮಾತಾಡಿದರು. ಹತ್ತು ದಿನ ಔಷಧಿ ಕೊಟ್ಟು ನಂಜು ಇಳಿಸಬೇಕು, ಆಮೇಲೆ ಒಂದು ತಿಂಗಳು ವಾರ್ಡು, ಎಲ್ಲ ಸೇರಿ ಐವತ್ತೆರಡು ಸಾವಿರ. “ಮನೇಲಿ ಮಾತ್ರ ಇದ್ದಕ್ಕಿದ್ದಂಗೆ ನಿಲ್ಲಿಸ್ಬೇಡಿ. ಫಿಟ್ಸ್ ಬರುತ್ತೆ, ಜೀವ ಹೋಗ್ಬಹುದು.”

ಮಾವ ಮುನಿಆಂಜಿನಪ್ಪನಿಗೆ ಬಾಗಲಗುಂಟೆಯಲ್ಲಿ ಆರು ಬಾಡಿಗೆ ಮನೆ. ಆದರೂ ಅವರು ಒಪ್ಪಲಿಲ್ಲ.

“ಅಷ್ಟು ದುಡ್ಡು ಕೊಟ್ಟು ನನ್ನ ಮಗ ಕುಡುಕ ಅಂತ ಬೋರ್ಡ್ ಬರಸ್ಕಬೇಕಾ? ಮಾಲೆ ಆಕಿದ್ರೆ ನಲವತ್ತೆಂಟು ದಿನ ಮುಟ್ಟಾಕಿಲ್ಲ. ಪಕ್ಕದ್ಮನೆ ಚನ್ನಪ್ಪ ಬಿಡ್ನಿಲ್ವಾ?”

“ಸಂಕ್ರಾಂತಿ ಮುಗಿದ ಮಾರನೇ ದಿನ ಅವರು ಮೋರೀಲಿ ಬಿದ್ದಿದ್ರು ಮಾವ. ಎತ್ತಿದ್ದು ನೀವೇ. ಡಾಕ್ಟ್ರು ಬೇಡ ಅಂದವ್ರೆ...”

“ಡಾಕ್ಟ್ರು ನಿನ್ ಸ್ವಾದರಮಾವನಾ? ಒಳಗೆ ಓಗು.”

ಒಳಗೆ ಹೋದಳು. ಆ ಒಂದು ತಪ್ಪಿಗೆ ಆಮೇಲೆ ತನ್ನನ್ನೇ ಬೈದುಕೊಂಡಳು.

ಮಾಲೆ ಬಿದ್ದ ಮೇಲೆ ಶಿವರಾಮ ಶಿವರಾಮನಾಗಿ ಉಳಿಯಲಿಲ್ಲ, ಸ್ವಾಮಿಯಾದ. ಕಪ್ಪು ಪಂಚೆ, ಎರಡು ಹೊತ್ತು ತಣ್ಣೀರು ಸ್ನಾನ, ಹಜಾರದಲ್ಲಿ ಬೇರೆ ಚಾಪೆ. ಹೆಂಡತಿ ಮುಟ್ಟುವ ಹಾಗಿಲ್ಲ. ಮೊದಲ ದಿನ ಬೆವರಿದ. ಎರಡನೆಯ ದಿನ ಲೋಟ ಹಿಡಿಯಲಾಗದೆ ಕಾಫಿ ಎದೆಯ ಮೇಲೆ ಚೆಲ್ಲಿಕೊಂಡ. ತಣ್ಣೀರಿಗೆ ಚಳಿ ಹಿಡಿದಿದೆ ಎಂದರು ಅತ್ತೆ ಮುನಿನಾರಾಯಣಮ್ಮ.

ಮೂರನೆಯ ದಿನ ಸಂಜೆ ಮನೆಯಲ್ಲೇ ಭಜನೆ. ಗುರುಸ್ವಾಮಿ ಚಿಕ್ಕಮುನಿಯಪ್ಪ ಶರಣು ಕೂಗಿಸುತ್ತಿದ್ದಂತೆ ಶಿವರಾಮ ಎದ್ದು ನಿಂತ. ಮೈಯೆಲ್ಲ ಥರಥರ ನಡುಗುತ್ತಿತ್ತು. ಗೋಡೆಯ ಮೂಲೆಯನ್ನು ನೋಡುತ್ತ ಯಾರೊಂದಿಗೋ ಮಾತಾಡಿದ, ತೋಳಿನ ಮೇಲಿಂದ ಏನನ್ನೋ ಕೊಡವಿಕೊಂಡ.

“ಮೈಮೇಲ್ ಬಂದವ್ನೆ! ಸ್ವಾಮಿ ಬಂದವ್ನೆ!” ಎಂದು ಅತ್ತೆ ಕರ್ಪೂರ ಹಚ್ಚಿ ತಂದರು. ಶರಣು ಇನ್ನೂ ಜೋರಾಯಿತು. ಯಾರಿಗೂ ತಲೆ ಬಾಗದ ಮುನಿಆಂಜಿನಪ್ಪ ಮಗನ ಕಾಲಿಗೆ ಅಡ್ಡಬಿದ್ದರು.

ಅವರು ಏಳುವ ಮೊದಲೇ ಮಗ ಧಡಾರನೆ ಉರುಳಿದ. ಹಲ್ಲು ಕಚ್ಚಿಕೊಂಡಿತು, ಬಾಯಲ್ಲಿ ನೊರೆ, ಕೈಕಾಲು ನೆಲಕ್ಕೆ ಬಡಿಯತೊಡಗಿದವು.

“ಮಡಿ ಕೆಡಿಸ್ದೋರ್ ಯಾರು?” ಅತ್ತೆಯ ಕಣ್ಣು ಸೀದಾ ಸೊಸೆಯ ಮೇಲೆ ಬಿತ್ತು. “ಇವ್ಳೇ ಮುಟ್ಟವ್ಳೆ!”

ಸರಳಾ ಈಗ ನಿಜಕ್ಕೂ ಮುಟ್ಟಿದಳು. ಗಂಡನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಕಿಟಕಿಯತ್ತ ತಿರುಗಿ ಕೂಗಿದಳು: “ಖಾದರಣ್ಣಾ! ಆಟೋ ತೆಗೀರಿ!”

ಹಿಂದಿನ ಮನೆಯ ಬಾಡಿಗೆದಾರ ಖಾದರ್ ಬಾಷಾ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿ ಬಂದ.

“ಮಾಲೆ ಹಾಕ್ದೋರ್ನ ಸಾವು ಸೂತಕದ ಜಾಗಕ್ಕೆ ಕರ್ಕೊಂಡ್ ಹೋಗೋ ಹಾಗಿಲ್ಲ ಕಣಮ್ಮ” ಎಂದರು ಚಿಕ್ಕಮುನಿಯಪ್ಪ. “ಮೊದ್ಲು ತಾಯಿ ಮಾಲೆ ತೆಗೀಬೇಕು.”

“ನಾನ್ ತೆಗ್ಯಾಕಿಲ್ಲ” ಎಂದರು ತಾಯಿ.

“ಹಾಗಾದ್ರೆ ಮಾಲೆ ಸಮೇತ ಬರ್ತಾರೆ. ದೇವ್ರೂ ಒಂದ್ಸಲ ಆಸ್ಪತ್ರೆ ನೋಡ್ಲಿ” ಎಂದಳು ಸರಳಾ.

ಮಾವ ಬಾಗಿಲಿಗೆ ಅಡ್ಡ ನಿಂತರು. “ಒಂದು ಪೈಸ ಬಿಚ್ಚಾಕಿಲ್ಲ ನಾನು.”

“ನಾನು ಕೇಳಿದ್ನಾ? ಪಕ್ಕಕ್ಕೆ ಬನ್ನಿ, ನಿಮ್ಮ ಮಗ ನೀಲಿಗಟ್ಟವ್ರೆ.”

ಮಗನ ತುಟಿ ನೋಡಿದ ಮೇಲೆ ಅವರು ಪಕ್ಕಕ್ಕೆ ಸರಿದರು.

ಮಾರನೆಯ ದಿನ ಸರಳಾ ಹೆಬ್ಬಾಳದ ಆಸ್ಪತ್ರೆಯಿಂದ ಬಂದು ಆರೂ ಬಾಡಿಗೆ ಮನೆಗಳ ಬಾಗಿಲು ತಟ್ಟಿದಳು. ಮಾವನಿಗೆ ಅಕ್ಷರ ಬಾರದು. ಮದುವೆಯಾಗಿ ಬಂದಾಗಿನಿಂದ ಬಾಡಿಗೆ ರಸೀದಿಯೆಲ್ಲ ಅವಳದೇ ಕೈಬರಹ, ಹಾಗಾಗಿ ಯಾರೂ ಏನೂ ಕೇಳಲಿಲ್ಲ. ಮೂವತ್ತು ಸಾವಿರ ಆಯಿತು. ಉಳಿದದ್ದಕ್ಕೆ ತನ್ನ ಬಳೆ ಅಡವಿಟ್ಟು ಕೌಂಟರಿನಲ್ಲಿ ಐವತ್ತೆರಡು ಸಾವಿರವನ್ನೂ ಕಟ್ಟಿದಳು.

ಐದನೇ ತಾರೀಕು ಬಾಡಿಗೆ ಎತ್ತಲು ಹೋಗಿ ಬರಿಗೈಲಿ ಮರಳಿದ ಮುನಿಆಂಜಿನಪ್ಪ ನೇರ ವಾರ್ಡಿನ ಮುಂದೆ ಬಂದು ನಿಂತರು. “ಕಳ್ಳಿ! ಪೊಲೀಸ್ ಸ್ಟೇಷನ್ ಮೆಟ್ಲು ಅತ್ತಿಸ್ತೀನಿ ನಿನ್ನ.”

“ಹತ್ತಿಸಿ. ಮಗನ್ನ ಉಳಿಸೋಕೆ ಸೊಸೆ ಬಾಡಿಗೆ ಕದ್ದಳು ಅಂತ ದೂರು ಕೊಡಿ. ಬೇಕಿದ್ರೆ ಅದ್ನೂ ನಾನೇ ಬರ್ಕೊಡ್ತೀನಿ.”

ಪಕ್ಕದ ಬೆಂಚಿನಲ್ಲಿದ್ದವರು ನಕ್ಕುಬಿಟ್ಟರು. ಮಾವ ಮುಖ ತಿರುಗಿಸಿ ಅದೇ ಬೆಂಚಿನ ತುದಿಗೆ ಕೂತರು, ಮನೆಗೆ ಹೋಗಲಿಲ್ಲ.

ಹತ್ತು ದಿನ ಕಳೆದು ಶಿವರಾಮನ ಕಣ್ಣು ತಿಳಿಯಾಯಿತು. ಅವನು ಆಡಿದ ಮೊದಲ ನೆಟ್ಟಗಿನ ಮಾತು ಇದು:

“ಊರೆಲ್ಲ ನನ್ನ ಸ್ವಾಮಿ ಅಂತಿತ್ತು ಕಣೇ. ಅಪ್ಪ ನನ್ ಕಾಲಿಗೆ ಬಿದ್ದ. ಹುಟ್ಟಿದಾಗಿಂದ ಒಂದ್ ಒಳ್ಳೇ ಮಾತಾಡ್ದೋನಲ್ಲ, ಕಾಲಿಗೆ ಬಿದ್ದ. ನೀನು ಬಂದು ನನ್ನ ಪೇಷೆಂಟ್ ಮಾಡ್ಬಿಟ್ಟೆ.”

ಸರಳಾ ಅವನ ಹೊದಿಕೆ ಸರಿಮಾಡಿದಳು. ಆ ಮಾತಿನಲ್ಲಿದ್ದ ನೋವು ಸುಳ್ಳಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಡಾಕ್ಟರಮ್ಮ ಕಾಗದ ತಂದರು. “ಇನ್ನೊಂದು ತಿಂಗಳು ವಾರ್ಡಲ್ಲಿರ್ಬೇಕು ಶಿವರಾಮ್. ಬಲವಂತ ಮಾಡಲ್ಲ, ನೀವೇ ಸಹಿ ಹಾಕ್ಬೇಕು. ಇಲ್ಲಾಂದ್ರೆ ಈಗ್ಲೇ ಮನೆಗೆ ಹೋಗ್ಬಹುದು.”

“ಬಾ ಮಗ, ಓಗಾಣ” ಎಂದರು ಮುನಿಆಂಜಿನಪ್ಪ. ಬಟ್ಟೆಯ ಚೀಲ ಆಗಲೇ ಅವರ ಕೈಲಿತ್ತು.

ಶಿವರಾಮ ಕಾಲು ಕೆಳಗಿಟ್ಟ. ಕಟ್ಟಿದ ದುಡ್ಡು, ಬಳೆ, ಮಾವನ ಬೈಗುಳ, ಎಲ್ಲ ಆ ಒಂದು ಸಹಿಯ ಮೇಲೆ ನಿಂತಿತ್ತು.

“ಒಂದು ತಿಂಗಳು ಮನೆಯೋರು ನೋಡೋಕ್ ಬರ್ತಾರಾ?” ಎಂದು ಡಾಕ್ಟರಮ್ಮನನ್ನು ಕೇಳಿದ ಅವನು.

“ಬಿಡಲ್ಲ.”

“ಇವಳೂನೂ?”

“ಇವರೂ ಬರೋ ಹಾಗಿಲ್ಲ.”

“ಅಪ್ಪನೂ?”

“ಅವರೂ ಅಷ್ಟೇ.”

ಶಿವರಾಮ ಒಮ್ಮೆ ಅಪ್ಪನನ್ನು, ಒಮ್ಮೆ ಹೆಂಡತಿಯನ್ನು ದುರುಗುಟ್ಟಿ ನೋಡಿದ. “ಕೊಡಿ ಪೆನ್ನು. ಇವರಿಬ್ಬರ ಮೂತಿ ನೋಡದೆ ಒಂದು ತಿಂಗ್ಳಾದ್ರೂ ನೆಮ್ಮದಿಯಾಗಿರ್ತೀನಿ.”

ಸರಳಾ ಬ್ಯಾಗಿನಿಂದ ಪೆನ್ನು ತೆಗೆದು ಚಾಚಿದಳು. ಅವನು ಅದನ್ನು ಕಸಿದುಕೊಂಡು ಕಾಗದ ಹರಿಯುವ ಹಾಗೆ ಒತ್ತಿ ಹೆಸರು ಬರೆದ.