ಹುಳುಮನೆಗೆ ಯಾರೂ ಬರಬಾರದು

ಚರಚರ, ಚರಚರ — ರೇಷ್ಮೆಹುಳುಗಳು ಸೊಪ್ಪು ಮೇಯುವ ಸದ್ದು, ಪೊರೆ ಬಿಟ್ಟು ಜ್ವರದಿಂದ ಎದ್ದ ಹುಳುವಿಗೆ ಎಷ್ಟು ಹಾಕಿದರೂ ಸಾಲದು, ಎಂಥ ಹೊಟ್ಟೆಬಾಕ ಜಾತಿಯಪ್ಪಾ ಇದು, ಚೈತ್ರ ಇನ್ನೊಂದು ಮಂಕರಿ ಸೊಪ್ಪು ಉದುರಿಸುತ್ತಾಳೆ, ಕೈ ತಾನಾಗಿ ಆಡುತ್ತದೆ, ಮನಸ್ಸು ಮಾತ್ರ ಬೆಳಿಗ್ಗೆಯಿಂದ ಸರಿಯಿಲ್ಲ, ಅದು ಮತ್ತೆ ಬಂದಿದೆ — ಅದೇ, ಬದುಕೇ ಬೇಡ ಅನ್ನುವುದು, ಹೋದ ಬೆಳೆಯಲ್ಲಿ ಬಂದಷ್ಟು ದೊಡ್ಡದಾಗಿ ಅಲ್ಲ, ಆದರೂ ಬಂದಿದೆ. ಆಗ ಮನೆ ತುಂಬಾ ಮೌನ, ಹುಳುಗಳೆಲ್ಲ ಪೊರೆ ಬಿಡುವ ಮುಂಚಿನ ಜ್ವರಕ್ಕೆ ಕೂತಿದ್ದವು, ಮೇವು ಬಿಟ್ಟು, ತಲೆಯೆತ್ತಿ, ಅಲುಗಾಡದೆ, ಇವಳೂ ಹಾಗೇ ಊಟ ಬಿಟ್ಟು ಗೋಡೆಗೊರಗಿ, ಯಾಕೆ ಅಂತ ಕೇಳಿದರೆ ಹೇಳಲು ಒಂದು ಕಾರಣವಾದರೂ ಬೇಡವೇ, ಗಂಡ ಮನೋಹರ್ ಒಳ್ಳೆಯವನು, ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ, ಇಲ್ಲಿ ತೋಟ, ನಿಂಗೇನಮ್ಮಾ ಕಮ್ಮಿ ಅಂತ ಅವ್ವನೇ ಫೋನಿನಲ್ಲಿ ನಕ್ಕಿದ್ದಳು, ಕಾರಣವಿಲ್ಲದ ಸಂಕಟಕ್ಕೆ ನಾಚಿಕೆಯೇ ಜಾಸ್ತಿ, ಅದಕ್ಕೇ ಯಾರು ಬಂದರೂ ಬಾಗಿಲಲ್ಲೇ ಒಂದು ಮಾತು — ಹುಳುಮನೆ ಕಣಕ್ಕ, ಹೊರಗಿನೋರು ಬಂದ್ರೆ ರೋಗ ತಗಲ್ತದೆ. ಇದಕ್ಕೆ ಎದುರು ಹೇಳುವವರು ವಿಜಯಪುರದ ಸುತ್ತಮುತ್ತ ಯಾರೂ ಇಲ್ಲ, ಬಂದವರು ಬಂದ ಹಾಗೇ ಹೋದರು, ಬಚ್ಚಿಟ್ಟುಕೊಳ್ಳುವವಳಿಗೆ ಹೇಳಿ ಮಾಡಿಸಿದಂಥ ನೇಮ.

ಬೈರಮ್ಮ ಮಾತ್ರ ಹೋಗಲಿಲ್ಲ, ಪಕ್ಕದ ಮನೆಯವಳು, ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವಳು, ಹುಳುಮನೆ ಕಣಕ್ಕ ಅಂದರೆ, ಗೊತ್ತು ಬಿಡು, ನಾನೇನು ನೆನ್ನೆ ಹುಳು ಕಂಡೋಳಾ, ಅಂತ ಸೀರೆ ಎತ್ತಿಕೊಂಡು ಹೊಸಿಲ ಮುಂದಿನ ಬ್ಲೀಚಿಂಗ್ ನೀರಿನ ಬೇಸನ್ನಿಗೆ ಕಾಲು ಅದ್ದಿ, ಕೈ ತೊಳೆದು, ಒಳಗೇ ಬಂದು ಕೂತುಬಿಟ್ಟಳು, ನೇಮ ಮುರಿಯಲಿಲ್ಲ, ಪೂರ್ತಿ ಪಾಲಿಸಿಯೇ ಬಂದಳು, ಒದ್ದೆ ಕಾಲು — ಮುಖ ನೋಡಿದಳು, ಅನ್ನ ಆಯ್ತಾ ಅನ್ನುವ ದನಿಯಲ್ಲೇ ಕೇಳಿದಳು, ಸಾಯ್ಬೇಕು ಅನ್ನಿಸ್ತೈತೇನೇ, ಹೌದು ಅನ್ನಲು ಚೈತ್ರಳಿಗೆ ಬಾಯಿ ಬಂದದ್ದು ಹೇಗೋ, ಅಂದಳು, ಅಂದದ್ದೇ ಎದೆಯ ಮೇಲಿನ ಕಲ್ಲನ್ನು ಇನ್ನೊಂದು ಕಡೆಯಿಂದ ಯಾರೋ ಹಿಡಿದ ಹಾಗಾಯಿತು, ಬೈರಮ್ಮ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ, ಸಂಜೆ ಮನೋಹರ್ ಬರುವ ತನಕ ಎದ್ದೂ ಹೋಗಲಿಲ್ಲ, ತನ್ನ ಸೊಸೆಯ ಮೇಲೆ ಚಾಡಿ ಹೇಳುತ್ತಾ ಕೂತಳು, ನಾಳೆ ಆಸ್ಪತ್ರೆಗೆ ಹೋಗಣ, ನಾನೂ ಬರ್ತೀನಿ, ಬಂದಳು ಕೂಡ. ಇದೂ ಒಂದು ಕಾಯಿಲೆ ಕಣಮ್ಮ, ಕಾರಣ ಹುಡುಕ್ತಾ ಕೂರ್ಬೇಡ, ಡಾಕ್ಟರಮ್ಮ ಹೇಳಿದ್ದು, ವಾಸಿಯಾಗುತ್ತೆ, ಮಧ್ಯೆ ಮತ್ತೆ ಬರಬಹುದು, ಬಂದಾಗ ಮಾತ್ರ ಒಬ್ಬಳೇ ಇರಬೇಡ.

ಬಂದಿದೆಯಲ್ಲ ಈಗ, ಮನೋಹರ್ ಪಾಳಿಯಲ್ಲಿ, ಫೋನು ಕೈಯಲ್ಲಿ, ಬೈರಮ್ಮಕ್ಕನಿಗೆ ಎಷ್ಟು ಸಲ ಅಂತ ತೊಂದರೆ ಕೊಡುವುದು, ಅವಳಿಗೂ ಮನೆ ಮಠ ಇಲ್ಲವೇ, ಬೇಡ, ಸ್ವಲ್ಪ ಹೊತ್ತು ನೋಡೋಣ, ಇಲ್ಲ — ಒತ್ತಿಯೇಬಿಟ್ಟಳು, ಅಕ್ಕಾ, ಇವತ್ತು ಮತ್ತೆ ಬಂದೈತೆ, ಆ ಕಡೆ ಒಗ್ಗರಣೆಯ ಸದ್ದು, ಇರೇ, ಸಾರು ಇಳಿಸ್ಬಿಟ್ಟು ಬಂದೆ, ಫೋನ್ ಇಡ್ಬೇಡ, ಮಾತಾಡ್ತಾ ಇರು, ಏನ್ ಮಾತಾಡ್ಲಿ ಅಕ್ಕ, ಹುಳಿನ ಸಮಾಚಾರ ಹೇಳು, ಮೇಯ್ತಾವೆ, ಚೆನ್ನಾಗಿ ಮೇಯ್ತಾವೆ, ಹ್ಞೂ, ಆಮೇಲೆ — ಉಸಿರು ಸಲೀಸಾಗುತ್ತದೆ, ನಗು ಕೂಡ ಬರುತ್ತದೆ, ಕರೆದರೆ ಬರುವವರು ಇದ್ದಾರೆ ಅನ್ನುವುದು ಎಷ್ಟು ಹಗುರ, ಕಿವಿಯ ದನಿಯೂ ಅಂಗಳದ ದನಿಯೂ ಒಂದೇ ಆಗಿ, ಬಾಗಿಲಿನ ಬೆಳಕು ಮರೆಯಾಗಿ, ಬೇಸನ್ನಿನ ನೀರು ತುಳುಕಿ, ಒಂದು ಕಾಲು, ಇನ್ನೊಂದು ಕಾಲು, ಒದ್ದೆ ಕಾಲು —