ಎರಡು ಸಲ ಇಟ್ಟ ಚೆಂಡು

ಬೆಳಗ್ಗೆ ಅಪ್ಪನ ಎಡ ಮಂಡಿಗೆ ಪಟ್ಟಿ ಸುತ್ತುವುದು ನನ್ನ ಕೆಲಸ. ಅಪ್ಪ ಮಂಚದ ತುದಿಗೆ ಕೂತು ಪ್ಯಾಂಟನ್ನು ತೊಡೆಯವರೆಗೆ ಮಡಚುತ್ತಾರೆ. ನಾನು ನೆಲದ ಮೇಲೆ ಕೂತು, ಅವರ ಪಾದವನ್ನು ನನ್ನ ತೊಡೆಯ ಮೇಲಿಟ್ಟುಕೊಂಡು, ಕೆಳಗಿನಿಂದ ಮೇಲಕ್ಕೆ ಸುತ್ತುತ್ತಾ ಹೋಗುತ್ತೇನೆ. ಬಿಗಿಯಾದರೆ ಅವರ ಹೆಬ್ಬೆರಳು ಅಲ್ಲಾಡುತ್ತದೆ. ಆಗ ಒಂದು ಸುತ್ತು ಸಡಿಲ ಮಾಡುತ್ತೇನೆ. ಪಿನ್ನು ಹಾಕಿದ ಮೇಲೆ ಕಾಲನ್ನು ಒಮ್ಮೆ ಮಡಚಿ, ಚಾಚಿ, ಎದ್ದು ಹೋಗುತ್ತಾರೆ.

ಆ ಮಂಡಿಯನ್ನು ಡಾಕ್ಟರುಗಳು ಮೂರು ಸಲ ಕೊಯ್ದಿದ್ದಾರೆ. ಅದು ಕೆಡುವವರೆಗೆ ಅಪ್ಪ ಹದಿನಾಲ್ಕು ವರ್ಷ ಫುಟ್‌ಬಾಲ್ ಆಡಿದರು. ಡಿಫೆಂಡರ್. ಮೈದಾನದಲ್ಲಿ ಅವರನ್ನು 'ಗೋಡೆ' ಎಂದೇ ಕರೆಯುತ್ತಿದ್ದರು. ಮಂಡಿ ಕೆಟ್ಟ ಮೇಲೆ ಕೋಚ್ ಆದರು. ಮೊದಲು ಆಡುವುದಕ್ಕೆ, ಆಮೇಲೆ ಆಡಿಸುವುದಕ್ಕೆ, ಒಂದು ಕ್ಲಬ್ಬಿನಿಂದ ಇನ್ನೊಂದು ಕ್ಲಬ್ಬಿಗೆ ಹೋದರು. ಪೆಟ್ಟಿಗೆಗಳ ಹಿಂದೆ ನಾನೂ ಅಮ್ಮನೂ ಹೋದೆವು. ಏಳು ಊರು, ಏಳು ಶಾಲೆ. ಹೋದಲ್ಲೆಲ್ಲ "ಹೊಸ ಹುಡುಗಿ, ಎದ್ದು ನಿಂತು ಹೆಸರು ಹೇಳಮ್ಮ" ಅನ್ನುವರು. ನಾನು ಎದ್ದು ನಿಲ್ಲುತ್ತಿದ್ದೆ, ಹೆಸರು ಹೇಳದೆಯೇ ಕೂತುಬಿಡುತ್ತಿದ್ದೆ. ಎಂಟನೆಯ ಶಾಲೆಗೆ ಹೋಗಬೇಕಾದ ದಿನ ನಾನು ಯೂನಿಫಾರ್ಮ್ ಹಾಕಿಕೊಳ್ಳಲಿಲ್ಲ. ಹದಿನೈದು ತುಂಬಿತ್ತು. ಅಮ್ಮ ಬೈದಳು, ಅತ್ತಳು. ಅಪ್ಪ "ಈ ಸೀಸನ್ ಮುಗೀಲಿ, ನೋಡೋಣ" ಅಂದರು. ಆಮೇಲೆ ಎಷ್ಟೋ ಸೀಸನ್ನುಗಳು ಮುಗಿದವು.

ಶಾಲೆ ಬಿಟ್ಟ ಮೇಲೆ ನನ್ನ ಜಾಗ ಅಪ್ಪನ ಕೋಣೆಯ ಸೋಫಾದ ಬಲತುದಿ. ಅಪ್ಪ ಎದುರಾಳಿ ತಂಡಗಳ ಹಳೆಯ ಮ್ಯಾಚುಗಳನ್ನು ಟೀವಿಯಲ್ಲಿ ಹಾಕಿಕೊಂಡು ನೋಡುವರು. ರಿಮೋಟ್ ನನ್ನ ಕೈಯಲ್ಲಿ. "ಹಿಂದಕ್ಕೆ ಹೋಗು. ನಿಲ್ಸು. ಅವನ ಕಾಲು ನೋಡು." ಮೊದಮೊದಲು ಅವರು ತೋರಿಸಿದ್ದನ್ನು ನೋಡುತ್ತಿದ್ದೆ. ಬರಬರುತ್ತಾ ಅವರಿಗೆ ಕಾಣದ್ದೂ ನನಗೆ ಕಾಣತೊಡಗಿತು.

"ಅಪ್ಪಾ, ಈ ಕೀಪರ್ ಗೋಲ್ ಬಿಟ್ಟು ಮುಂದೆ ಬರೋಕೆ ಮುಂಚೆ ಒಂದ್ಸಲ ಗ್ಲೌಸ್ ತಟ್ಕೋತಾನೆ."

ಅಪ್ಪ ನನ್ನ ಕಡೆ ತಿರುಗಿ ನೋಡಿದರು. "ಹೌದಲ್ವೇ!"

ಆ ವಾರ ಅವರ ಕ್ಲಬ್ಬಿನ ಹುಡುಗರು ಆ ಕೀಪರ್‌ನ ತಲೆಯ ಮೇಲಿಂದ ಎರಡು ಗೋಲು ಹಾಕಿದರು. ಹೇಗೆ ಹೊಳೀತು ಎಂದು ಪೇಪರಿನವರು ಕೇಳಿದಾಗ ಅಪ್ಪ ಮೀಸೆಯಲ್ಲೇ ನಕ್ಕರು. ಗೊತ್ತಿದ್ದದ್ದು ನಮ್ಮಿಬ್ಬರಿಗೇ. ನನಗೆ ಅಷ್ಟು ಸಾಕಾಗಿತ್ತು.

ಹೋದ ವರ್ಷ ಅಪ್ಪನನ್ನು ರಾಷ್ಟ್ರೀಯ ತಂಡದ ಮ್ಯಾನೇಜರ್ ಮಾಡಿದರು. ಮನೆ ತುಂಬ ಫೋನು, ಕ್ಯಾಮೆರಾ, ಕುರ್ಚಿ ಸಾಲದಷ್ಟು ಜನ. ಅಮ್ಮ ಟೀ ಸೋಸುತ್ತಾ, "ನಿಮ್ಮಪ್ಪಂಗೆ ಎರಡು ಸಂಸಾರ ಕಣೆ. ಒಂದು ಅವರು ಆಡಿಸೋದು, ಇನ್ನೊಂದು ನಮ್ಮದು. ನಮ್ಮನ್ನ ಬೆಂಚಲ್ಲಿ ಕೂರಿಸಿದಾರೆ" ಅಂದಳು. ನಾನು ನಕ್ಕೆ. ಆ ನಗು ತಿಂಗಳೂ ಉಳಿಯಲಿಲ್ಲ. ಫುಟ್‌ಬಾಲ್ ಸಂಘ ಅಪ್ಪನಿಗೆ ಆಫೀಸು ಕೊಟ್ಟಿತು, ಗೋಡೆಯಗಲದ ಸ್ಕ್ರೀನು ಕೊಟ್ಟಿತು, ಮ್ಯಾಚುಗಳನ್ನು ನೋಡಿ ಲೆಕ್ಕ ಹಾಕಿ ಹೇಳಲು ಒಬ್ಬ ಹುಡುಗಿಯನ್ನೂ ಕೊಟ್ಟಿತು.

ನನಗಿಂತ ಎರಡೇ ವರ್ಷ ದೊಡ್ಡವಳು. ಎರಡು ಡಿಗ್ರಿ ಮಾಡಿದ್ದಳಂತೆ. ಮನಸ್ಸಿನಲ್ಲಿ ನಾನು ಅವಳಿಗೆ 'ಡಿಗ್ರಿಯವಳು' ಎಂದು ಹೆಸರಿಟ್ಟೆ. ಮುಖ ನೋಡುವ ಮೊದಲೇ ಅವಳನ್ನು ಕಂಡರೆ ಆಗದಂತಾಯಿತು. ಊಟಕ್ಕೆ ಕೂತರೆ ಅಪ್ಪ ಶುರು ಮಾಡುವರು.

"ಆ ಹುಡುಗಿ ಇವತ್ತು ಏನು ಹಿಡಿದ್ಲು ಗೊತ್ತಾ? ನಾನು ಹತ್ತು ಸಲ ನೋಡಿದ್ರೂ ಸಿಕ್ಕಿರ್ಲಿಲ್ಲ."

ನಾನು ಅನ್ನವನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದೆ.

"ಯಾಕೆ ಮುಖ ಹಿಂಡ್ತೀಯ? ಉಪ್ಪು ಜಾಸ್ತಿ ಆಯ್ತಾ?" ಎಂದು ಅಮ್ಮ ಕೇಳುವಳು.

"ಇಲ್ಲ, ಸರಿಯಾಗಿದೆ."

ಮನೆಯ ಟೀವಿಯ ಮುಂದೆ ಅಪ್ಪ ಕೂರುವುದು ನಿಂತುಹೋಯಿತು. ನಾನು ರಿಮೋಟಿನ ಧೂಳು ಒರೆಸಿ ಹೊಸ ಸೆಲ್ಲು ಹಾಕಿಟ್ಟೆ. ಅಪ್ಪ ಮನೆಗೆ ತರುತ್ತಿದ್ದ ಪೆನ್‌ಡ್ರೈವ್‌ಗಳನ್ನು ಮಧ್ಯಾಹ್ನ ಒಬ್ಬಳೇ ಹಾಕಿಕೊಂಡು ನೋಡುತ್ತಿದ್ದೆ. ಇವತ್ತಲ್ಲ ನಾಳೆ ಅಪ್ಪ ನನ್ನನ್ನು ಕೇಳಿಯೇ ಕೇಳುತ್ತಾರೆ, ಆಗ ಅವಳಿಗಿಂತ ಒಂದು ಹೆಜ್ಜೆ ಮುಂದಿರಬೇಕು ಎಂದು ಹಟ.

ದೊಡ್ಡ ಟೂರ್ನಿಯಲ್ಲಿ ನಮ್ಮ ತಂಡ ಕ್ವಾರ್ಟರ್ ಫೈನಲ್ಲಿಗೆ ಬಂತು. ಎದುರಾಳಿಗಳ ಹನ್ನೊಂದನೇ ನಂಬರಿನವನು ಹೊಡೆದ ಪೆನಾಲ್ಟಿಗಳನ್ನೆಲ್ಲ ನಾನು ನೋಡಿದೆ. ಒಟ್ಟು ಒಂಬತ್ತು. ಏಳು ಸಲ ಚೆಂಡು ಕೀಪರ್‌ನ ಎಡಕ್ಕೆ ಹೋಗಿತ್ತು, ಎರಡು ಸಲ ಬಲಕ್ಕೆ. ಏಳು ಸಲವೂ ಅವನು ಚೆಂಡನ್ನು ಒಂದೇ ಸಲಕ್ಕೆ ನೆಲದ ಮೇಲಿಟ್ಟು ಹಿಂದೆ ಸರಿದಿದ್ದ. ಆ ಎರಡು ಸಲ ಮಾತ್ರ ಇಟ್ಟ ಚೆಂಡನ್ನು ಮತ್ತೆ ಎತ್ತಿ, ಒರೆಸಿ, ಎರಡನೇ ಸಲ ಇಟ್ಟಿದ್ದ. ಯಾವತ್ತಿನಂತೆ ಎಡಕ್ಕೆ ಹೊಡೆಯುವಾಗ ಅವನಿಗೆ ಅನುಮಾನವಿರುತ್ತಿರಲಿಲ್ಲ. ಬಲಕ್ಕೆ ಹೊಡೆಯಬೇಕೆಂದು ತೀರ್ಮಾನಿಸಿದಾಗ ಕೈ ಹಿಂಜರಿಯುತ್ತಿತ್ತು. ನಾನು ಹಿಂದೆ ಹೋಗಿ ಹೋಗಿ ನೋಡಿದೆ. ತಪ್ಪಿಲ್ಲ. ಅಪ್ಪ ಬರಲಿ ಎಂದು ಕಾದೆ.

ಭಾನುವಾರ ಬೆಳಗ್ಗೆ ಅಪ್ಪನ ಮಂಡಿ ಊದಿತ್ತು, ಆಫೀಸಿನ ಮೆಟ್ಟಿಲು ಹತ್ತಲಾಗದು. ಅದಕ್ಕೆ ಡಿಗ್ರಿಯವಳೇ ಮನೆಗೆ ಬಂದಳು. ಕೋಣೆಗೆ ಬಂದವಳೇ ಸೋಫಾದ ಬಲತುದಿಗೆ ಕೂತು, ಲ್ಯಾಪ್‌ಟಾಪ್ ಬಿಚ್ಚಿ, ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡಳು. ಯಾರೂ ಅಲ್ಲಿ ಕೂರಬೇಡ ಅನ್ನಲಿಲ್ಲ.

"ಆಂಟಿ, ನಂಗೆ ಸಕ್ಕರೆ ಕಮ್ಮಿ," ಎಂದು ಅಡುಗೆಮನೆಗೆ ಕೇಳುವಂತೆ ಕೂಗಿದಳು. ಬಂದು ಐದು ನಿಮಿಷ ಆಗಿರಲಿಲ್ಲ, ಆಗಲೇ ಆಂಟಿ!

ಯಾರು ಪೆನಾಲ್ಟಿಯನ್ನು ಯಾವ ಕಡೆ ಹೊಡೆಯುತ್ತಾರೆ ಎಂದು ಅವರಿಬ್ಬರೂ ಪಟ್ಟಿ ಮಾಡುತ್ತಿದ್ದರು. ಅದನ್ನು ನಮ್ಮ ಕೀಪರ್‌ನ ನೀರಿನ ಬಾಟಲಿಗೆ ಅಂಟಿಸುತ್ತಾರೆ. ಪ್ರತಿ ಹೊಡೆತಕ್ಕೆ ಮುಂಚೆ ಅವನು ನೀರು ಕುಡಿದ ಹಾಗೆ ಮಾಡಿ ಓದಿಕೊಳ್ಳುತ್ತಾನೆ. ನಾನು ಟೀ ಇಡಲು ಬಗ್ಗಿದಾಗ ಅವಳು ಹೇಳುತ್ತಿದ್ದಳು, "ಹನ್ನೊಂದನೇ ನಂಬರು, ಒಂಬತ್ತರಲ್ಲಿ ಏಳು ಎಡಕ್ಕೆ. ಎಡ ಅಂತ ಬರೀತೀನಿ ಸರ್."

ಅಪ್ಪನ ಫೋನ್ ಬಡಿದುಕೊಂಡಿತು. ಅವರು ಕುಂಟುತ್ತಾ ಹೊರಗೆ ಹೋದರು. ಡಿಗ್ರಿಯವಳು ನನ್ನನ್ನು ನೋಡಿ ನಕ್ಕಳು.

"ನೀನೂ ಇದನ್ನೆಲ್ಲ ನೋಡ್ತೀಯಂತೆ? ಸರ್ ದಿನಾ ಹೇಳ್ತಾರೆ, 'ನನ್ನ ಮಗಳಿಗೆ ಕಾಣೋದು ನಿಂಗೆ ಕಾಣಲ್ಲ' ಅಂತ. ಕೇಳೀ ಕೇಳೀ ನಂಗೆ ಹೊಟ್ಟೆ ಉರಿದುಹೋಗಿತ್ತು ಮಾರಾಯ್ತಿ! ಹೇಳು, ಈ ಹನ್ನೊಂದನೇ ನಂಬರ್ ಬಗ್ಗೆ ಏನಾದ್ರೂ ಗೊತ್ತಾ?"

ಟ್ರೇ ನನ್ನ ಕೈಯಲ್ಲೇ ಇತ್ತು. ಅವಳು ಹೇಳಿದ್ದು ನಿಜವಾದರೆ ಅಪ್ಪ ಅದನ್ನು ನನ್ನೆದುರು ಯಾಕೆ ಒಂದು ದಿನವೂ ಆಡಲಿಲ್ಲ? ನನ್ನ ಬಗ್ಗೆ ಆಡಿದ ಒಳ್ಳೆಯ ಮಾತೂ ಅವಳಿಗೇ ಹೋಯಿತಲ್ಲ.

"ಏನೂ ಗೊತ್ತಿಲ್ಲ," ಅಂದೆ. "ನೀವು ಬರೆದಿದ್ದೇ ಸರಿ."

"ಹಾಗಾದ್ರೆ ಧೈರ್ಯ ಬಂತು," ಎಂದು ಬರೆದುಕೊಂಡಳು.

ಬುಧವಾರ ನಾಲ್ಕು ಗಂಟೆಗೆ ಮ್ಯಾಚು. ನಾನೂ ಅಮ್ಮನೂ ಗ್ಯಾಲರಿಯಲ್ಲಿ ಕೂತಿದ್ದೆವು. ಅವಳು ಕೆಳಗೆ, ಅಪ್ಪನ ಹಿಂದಿನ ಕುರ್ಚಿಯಲ್ಲಿ. ಅಪ್ಪ ಎರಡೆರಡು ನಿಮಿಷಕ್ಕೆ ತಿರುಗಿ ಅವಳ ಹತ್ತಿರ ಬಗ್ಗುವರು. ನಾನು ಆಟ ನೋಡಿದ್ದಕ್ಕಿಂತ ಅದನ್ನೇ ಎಣಿಸಿದ್ದು ಹೆಚ್ಚು. ಒಂದು-ಒಂದಾಯಿತು, ಹೆಚ್ಚುವರಿ ಸಮಯವೂ ಮುಗಿಯಿತು, ಪೆನಾಲ್ಟಿಗೆ ಬಂತು. ಎರಡೂ ಕಡೆಯವರು ನಾಲ್ಕು ಹೊಡೆದರು, ನಾಲ್ಕೂ ಗೋಲು. ನಮ್ಮ ಐದನೆಯದು ಗೋಲಿನ ಅಡ್ಡಕಂಬಕ್ಕೆ ಬಡಿದು ಹೊರಗೆ ಹೋಯಿತು. ಆಗ ಹನ್ನೊಂದನೇ ನಂಬರಿನವನು ನಡೆದು ಬಂದ. ಇವನದು ಗೋಲಾದರೆ ನಾವು ಸೋತಂತೆ.

ಚೆಂಡನ್ನು ಇಟ್ಟ. ಹಿಂದೆ ಸರಿಯಲಿಲ್ಲ. ಬಗ್ಗಿ ಎತ್ತಿಕೊಂಡ. ಅಂಗಿಗೆ ಒರೆಸಿ ಮತ್ತೆ ಇಟ್ಟ.

ನಾನು ಎದ್ದು ನಿಂತೆ. ಬಾಯಿ ತೆರೆದೆ. ಅಷ್ಟು ಸಾವಿರ ಜನ ಅರಚುತ್ತಿರುವಾಗ ನನ್ನ ದನಿ ಯಾವ ಮೂಲೆಗೆ? ನಮ್ಮ ಕೀಪರ್ ಬಾಟಲಿ ನೋಡಿದ, ಎಡಕ್ಕೆ ಹಾರಿದ. ಚೆಂಡು ಬಲಗಡೆ, ಯಾರೂ ಇಲ್ಲದ ಕಡೆ, ನಿಧಾನವಾಗಿ ಉರುಳಿ ಒಳಗೆ ಹೋಯಿತು. ಕೆಳಗೆ ಡಿಗ್ರಿಯವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಒಂದು ಕ್ಷಣ, ಒಂದೇ ಕ್ಷಣ, ನನ್ನ ಹೊಟ್ಟೆ ತಣ್ಣಗಾಯಿತು. ಆಮೇಲೆ ಅಪ್ಪನ ಬೆನ್ನು ಕಂಡಿತು.

ಶುಕ್ರವಾರ ಬೆಳಗ್ಗೆ ಸಂಘದವರ ಫೋನು. ಅಪ್ಪ ಕೋಣೆಯಲ್ಲಿ ನಿಂತೇ ಮಾತಾಡಿದರು.

"ಪಟ್ಟಿಗೆ ಸಹಿ ಹಾಕಿದ್ದು ನಾನು ಸ್ವಾಮಿ. ಆ ಹುಡುಗೀನ ತೆಗೆಯೋದಾದ್ರೆ ನನ್ನ ಹೆಸರನ್ನೂ ಜೊತೆಗೇ ಬರ್ಕೊಳ್ಳಿ."

"ಅಲ್ರೀ," ಅಮ್ಮ ಗಾಬರಿಯಾದಳು, "ಆ ಹುಡುಗಿಗೋಸ್ಕರ ಇರೋ ಕೆಲಸಾನೇ ಬಿಡ್ತೀರಾ?"

ಅಪ್ಪ ಟೀವಿಯಲ್ಲಿ ಆ ಹೊಡೆತವನ್ನು ಮತ್ತೆ ಹಾಕಿದರು. ಅವಳಿಗೋಸ್ಕರ! ನನಗೆ ತಡೆಯಲಾಗಲಿಲ್ಲ.

"ಚೆಂಡನ್ನ ಎರಡು ಸಲ ಇಟ್ರೆ ಅವನು ಬಲಕ್ಕೇ ಹೊಡೆಯೋದು," ಅಂದೆ. "ಹಳೇದರಲ್ಲೂ ಹಾಗೇ ಇದೆ. ಒಂಬತ್ತರಲ್ಲಿ ಎರಡು."

ಅಪ್ಪ ಹಳೆಯದನ್ನು ಹುಡುಕಿ ಹಾಕಿದರು. ಒಂದು ನೋಡಿದರು, ಇನ್ನೊಂದು ನೋಡಿದರು. ಅವರ ಹುಬ್ಬು ಮೇಲೇರಿತು. ನಾಚಿಕೆಗೆಟ್ಟವಳಂತೆ ನನಗೆ ಖುಷಿಯಾಯಿತು.

"ಇದು ಯಾವಾಗ ಕಂಡಿದ್ದು ನಿಂಗೆ?"

ನೆನ್ನೆ ಎಂದು ಹೇಳಬಹುದಿತ್ತು. ಆದರೆ ನೆನ್ನೆ ಕಂಡಿದ್ದರೆ ನಾನು ಅವಳಿಗಿಂತ ಹೇಗೆ ಮೇಲಾಗುತ್ತೇನೆ?

"ಮ್ಯಾಚಿಗೆ ಮುಂಚೆ."

"ಭಾನುವಾರ ಗೊತ್ತಿತ್ತಾ?"

"ಗೊತ್ತಿತ್ತು. ಅವರು ನನ್ನ ಕೇಳಿದ್ರು ಕೂಡ. ನಾನು ಹೇಳ್ಲಿಲ್ಲ."

ಬಟ್ಟೆ ಮಡಚುತ್ತಿದ್ದ ಅಮ್ಮನ ಕೈ ನಿಂತಿತು. ಅಪ್ಪ ಬೈಯಲಿಲ್ಲ. ಹದಿನಾಲ್ಕು ವರ್ಷ ತಮ್ಮತ್ತ ಚೆಂಡು ತರುತ್ತಿದ್ದ ಎದುರಾಳಿಗಳನ್ನು ನೋಡಿದಂತೆ ನನ್ನನ್ನು ನೋಡಿದರು. ಆಮೇಲೆ ಫೋನ್ ತೆಗೆದು ಡಿಗ್ರಿಯವಳ ನಂಬರ್ ಒತ್ತಿದರು.

"ನಿನ್ನ ತಪ್ಪಲ್ಲಮ್ಮ. ಅಳಬೇಡ. ಇಲ್ಲ, ಯಾರ ತಪ್ಪು ಅಂತ ಈಗ ಬೇಡ. ಹತ್ತು ಗಂಟೆಗೆ ಆಫೀಸಿಗೆ ಬಾ, ಕೆಲಸ ಇದೆ."

ಅವಳಿಗೆ ನನ್ನ ಹೆಸರು ಹೇಳಿ ನನ್ನನ್ನು ಬೈದಿದ್ದರೂ ಚೆನ್ನಾಗಿರುತ್ತಿತ್ತು. ಅಪ್ಪ ಟೀವಿ ಆರಿಸಿ ಹೊರಬಾಗಿಲ ಹತ್ತಿರದ ಕುರ್ಚಿಗೆ ಹೋಗಿ ಕೂತು, ಶೂ ಹಾಕಿಕೊಳ್ಳತೊಡಗಿದರು. ಅಮ್ಮ ಮಡಚಿದ ಬಟ್ಟೆಗಳನ್ನು ಎತ್ತಿಕೊಂಡು ನನ್ನನ್ನು ದಾಟಿ ಒಳಗೆ ಹೋದಳು. ನಾನು ಅಪ್ಪನ ಹತ್ತಿರ ಹೋಗಿ ನಿಂತೆ.

"ಅಪ್ಪಾ, ನನ್ನನ್ನೂ ಆಫೀಸಿಗೆ ಕರ್ಕೊಂಡು ಹೋಗಿ," ಅಂದೆ.

ಅಪ್ಪ ಇನ್ನೊಂದು ಶೂ ಎಳೆದುಕೊಂಡು, ನನ್ನ ಕಡೆ ನೋಡದೆ, ಕುಂಟುತ್ತಾ ಒಬ್ಬರೇ ಹೊರಟರು.